ಬಾಡಿಗೆಗೆ ಕೊಟ್ಟ ಮನೆ ಮತ್ತು 2008ರ ಕ್ರಯಪತ್ರ

ಕಪ್ಪಗಲ್ಲು ರಸ್ತೆಯ ನಮ್ಮ ಹಳೇ ಮನೆಯನ್ನು 2025ರ ನವೆಂಬರಿನಲ್ಲಿ ಮಾರಿದೆವು. ಕ್ರಯಪತ್ರ ನನ್ನ ಹೆಸರಿನಲ್ಲಿತ್ತು. ಸಾಲ ತೀರಿಸಿದ್ದೂ ನನ್ನ ಸಂಬಳದಿಂದ. ಹಾಗಾಗಿ ಟ್ಯಾಕ್ಸಿನ ತಲೆನೋವೂ ನನ್ನದೇ. ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು, ಲೆಕ್ಕಕ್ಕೆ ಹೆದರುವುದಿಲ್ಲ. ನನ್ನನ್ನು ಹೆದರಿಸಿದ್ದು ಸುತ್ತಲಿನ ಜನ.

ಮನೆ ಮಾರ್ತೀವಿ ಅಂತ ಬಾಯಿ ಬಿಟ್ಟಿದ್ದೇ ತಡ, ಒಬ್ಬೊಬ್ಬರದು ಒಂದೊಂದು ಮಾತು. "ನೀವು ಆ ಮನೆಯಲ್ಲಿ ಇಲ್ವಲ್ಲ ಮೇಡಂ, ಬಾಡಿಗೆಗೆ ಕೊಟ್ಟಿದ್ದೀರಿ. ಯಾವ ವಿನಾಯಿತಿಯೂ ಸಿಗಲ್ಲ" ಅಂದರು ಸ್ಟಾಫ್ ರೂಮಿನಲ್ಲಿ ಒಬ್ಬರು. "ಹೇಗೂ ಹವಂಬಾವಿಯಲ್ಲಿ ಇನ್ನೊಂದು ಮನೆ ತಗೊಂಡಿದ್ದೀರಲ್ಲ, ಟ್ಯಾಕ್ಸೇ ಬರಲ್ಲ ಬಿಡಿ" ಅಂದರು ಪಕ್ಕದ ಕುರ್ಚಿಯವರು. ಎರಡೂ ತಪ್ಪು. ಆದರೆ ಇಬ್ಬರೂ ಎಷ್ಟು ಗಟ್ಟಿಯಾಗಿ ಹೇಳಿದರು ಅಂದರೆ, ಕೇಳಿಸಿಕೊಂಡವರು ತಲೆಯಾಡಿಸಿಬಿಟ್ಟರು.

ಮೊದಲನೇ ಮಾತಿನ ಭಯ ನಮ್ಮ ಮನೆಗೂ ಬಂದಿತ್ತು, ಅಮೆರಿಕದಿಂದ. ನನ್ನ ಮೈದುನ ಡಲ್ಲಾಸಿನಲ್ಲಿದ್ದಾನೆ. ಅಲ್ಲಿ ತಾನಿದ್ದ ಮನೆ ಬಿಟ್ಟು ದೊಡ್ಡ ಮನೆಗೆ ಹೋದ. ಹಳೆಯದನ್ನು ಬಾಡಿಗೆಗೆ ಕೊಟ್ಟು, ನಾಲ್ಕು ವರ್ಷ ಆದ ಮೇಲೆ ಮಾರಿದ. ಅಲ್ಲಿನ ನಿಯಮ ಹೀಗಿದೆ: ಮಾರುವ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸಬೇಕು. ಆ ಐದರಲ್ಲಿ ಕನಿಷ್ಠ ಎರಡು ವರ್ಷ ನೀವೇ ಆ ಮನೆಯಲ್ಲಿ ವಾಸ ಇದ್ದಿರಬೇಕು. ಇದ್ದರೆ ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್ ತನಕ, ಗಂಡ ಹೆಂಡತಿ ಸೇರಿ ರಿಟರ್ನ್ ಹಾಕಿದರೆ ಐದು ಲಕ್ಷ ಡಾಲರ್ ತನಕ ಲಾಭಕ್ಕೆ ತೆರಿಗೆ ಇಲ್ಲ. ಅವನಿಗೆ ಐದರಲ್ಲಿ ಒಂದೇ ವರ್ಷ ಸಿಕ್ಕಿತು. ಅಷ್ಟೂ ಲಾಭ ತೆರಿಗೆಗೆ ಬಿತ್ತು. ಸಾಲದ್ದಕ್ಕೆ ಬಾಡಿಗೆ ಇದ್ದ ವರ್ಷಗಳಲ್ಲಿ ಮನೆ ಸವೆದಿದೆ ಅಂತ ಪ್ರತಿ ವರ್ಷ ಒಂದಿಷ್ಟು ಸವಕಳಿ ಬರೆದಿರುತ್ತಾರಂತೆ. ಮಾರುವಾಗ ಆ ಸವಕಳಿಯ ಮೇಲೂ ಶೇ. 25ರ ತನಕ ತೆರಿಗೆ ಹಾಕುತ್ತಾರೆ. "ಅತ್ತಿಗೆ, ಬಾಡಿಗೆದಾರರನ್ನ ಖಾಲಿ ಮಾಡಿಸಿ ನೀವೇ ಎರಡು ವರ್ಷ ಅಲ್ಲಿ ಇದ್ದುಬಿಡಿ, ಆಮೇಲೆ ಮಾರಿ" ಅಂತ ಫೋನಿನಲ್ಲಿ ಒಂದೇ ಸಮನೆ ಹೇಳಿದ. ಪಾಪ, ಕೈ ಸುಟ್ಟುಕೊಂಡವನು.

ನಮ್ಮ ದೇಶದಲ್ಲಿ ಅಂಥ ನಿಯಮ ಇಲ್ಲ. ಮನೆಯನ್ನು 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಿದ್ದರೆ ಅದು ದೀರ್ಘಾವಧಿ ಬಂಡವಾಳ ಲಾಭ. ಅಷ್ಟು ಕಾಲ ಅದರಲ್ಲಿ ಯಾರಿದ್ದರು ಅಂತ ಕಾನೂನು ಕೇಳುವುದಿಲ್ಲ. ಒಂದು ಮನೆ ಮಾರಿ ಇನ್ನೊಂದು ಮನೆ ಕೊಂಡರೆ ಸಿಗುವ ವಿನಾಯಿತಿ ಇದೆಯಲ್ಲ, ಸೆಕ್ಷನ್ 54, ಅದರಲ್ಲಿ ಬರೆದಿರುವುದು ವಾಸದ ಮನೆ ಅಂತ, ಮಾಲೀಕ ವಾಸ ಇದ್ದ ಮನೆ ಅಂತ ಬರೆದಿಲ್ಲ. ಬಾಡಿಗೆಗೆ ಕೊಟ್ಟ ಮನೆಗೂ ಅದು ಸಿಗುತ್ತದೆ. ಸವಕಳಿಯ ಗೊಡವೆಯೂ ಇಲ್ಲ. ಬಾಡಿಗೆ ಆದಾಯದಲ್ಲಿ ರಿಪೇರಿ ಗಿಪೇರಿಗೆ ಅಂತ ಶೇ. 30 ಕಳೆದುಕೊಳ್ಳಲು ಬಿಡುತ್ತಾರೆ. ಅದರಿಂದ ಮನೆ ಕೊಂಡ ಬೆಲೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. 2019ರಿಂದ ನಮ್ಮ ಮನೆಯಲ್ಲಿ ಇದ್ದವರು ಒಂದು ಜೀನ್ಸ್ ಯೂನಿಟ್ಟಿನ ಕಟಿಂಗ್ ಮಾಸ್ಟರ್ ಕುಟುಂಬ. ಒಳ್ಳೆ ಜನ, ತಿಂಗಳ ಐದನೇ ತಾರೀಖಿನೊಳಗೆ ಬಾಡಿಗೆ ಬಂದುಬಿಡುತ್ತಿತ್ತು. ಕೆಳಗಿನ ಹಾಲಿನಲ್ಲಿ ನಾಲ್ಕು ಹೊಲಿಗೆ ಮಷಿನ್ ಹಾಕಿಕೊಳ್ಳಲಾ ಅಂತ ಅವರು ಒಮ್ಮೆ ಕೇಳಿದ್ದರು. ನಮ್ಮವರು ಬೇಡ ಅಂದಿದ್ದರು, ಕರೆಂಟ್ ಬಿಲ್ಲಿನ ಭಯಕ್ಕೆ. ಆಗ ಗೊತ್ತಿರಲಿಲ್ಲ, ಅದು ಟ್ಯಾಕ್ಸಿನ ದೃಷ್ಟಿಯಿಂದಲೂ ಒಳ್ಳೆಯದೇ ಆಯಿತು. ವಾಸದ ಮನೆಯಲ್ಲಿ ಯೂನಿಟ್ ನಡೆಸಿದರೆ ಅದು ವಾಸದ ಮನೆಯೇ ಅಲ್ಲವೇ ಅನ್ನುವ ತಕರಾರು ಎದ್ದೇಳುತ್ತದೆ.

ಎರಡನೇ ಮಾತು, ಹವಂಬಾವಿ ಮನೆಯದು. ಸೆಕ್ಷನ್ 54ಕ್ಕೆ ಕಾಲದ ಕಟ್ಟು ಇದೆ. ಹಳೇ ಮನೆ ಮಾರುವ ಮುಂಚಿನ ಒಂದು ವರ್ಷದೊಳಗೆ ಹೊಸದನ್ನು ಕೊಂಡಿರಬೇಕು. ಇಲ್ಲದಿದ್ದರೆ ಮಾರಿದ ಎರಡು ವರ್ಷದೊಳಗೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಬೇಕು. ಹವಂಬಾವಿ ಮನೆ ನಾವು ಕೊಂಡಿದ್ದು 2019ರಲ್ಲಿ. ಅದು ಲೆಕ್ಕಕ್ಕೆ ಬರುವುದಿಲ್ಲ. ಬಂದ ದುಡ್ಡಿನಲ್ಲಿ ಅದರ ಸಾಲ ತೀರಿಸಿದೆವು. ಹಳೇ ಸಾಲ ತೀರಿಸಿದರೂ ವಿನಾಯಿತಿ ಸಿಗುವುದಿಲ್ಲ. ಬಾಂಡ್ ದಾರಿ ಒಂದಿದೆ. ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿ ತರದ ಸರ್ಕಾರಿ ಸಂಸ್ಥೆಗಳ ಬಾಂಡಿನಲ್ಲಿ 50 ಲಕ್ಷದ ತನಕ ಹಾಕಬಹುದು, ಅಷ್ಟು ಲಾಭಕ್ಕೆ ತೆರಿಗೆ ಇಲ್ಲ. ಐದು ವರ್ಷ ದುಡ್ಡು ಮುಟ್ಟುವ ಹಾಗಿಲ್ಲ. ಬಡ್ಡಿ ಶೇ. 5.25, ಆ ಬಡ್ಡಿಗೂ ತೆರಿಗೆ. ನಮ್ಮ ಗೃಹಸಾಲದ ಬಡ್ಡಿ ಅದಕ್ಕಿಂತ ಎಷ್ಟೋ ಜಾಸ್ತಿ. ಸಾಲ ಹಾಗೇ ಇಟ್ಟುಕೊಂಡು ಬಾಂಡಿನಲ್ಲಿ ದುಡ್ಡು ಮಲಗಿಸುವ ಮನಸ್ಸಾಗಲಿಲ್ಲ.

ಅಂದರೆ ಟ್ಯಾಕ್ಸ್ ಕಟ್ಟಬೇಕು ಅಂತಾಯಿತು. ಎಷ್ಟು ಅನ್ನುವುದೇ ಪ್ರಶ್ನೆ. ನನಗೆ ನಿಜವಾಗಿ ಆಸಕ್ತಿ ಹುಟ್ಟಿದ್ದು ಇಲ್ಲಿ.

ಮನೆ ಕೊಂಡಿದ್ದು 2008ರ ಮೇ ತಿಂಗಳಲ್ಲಿ. ಆಗಿನ ಬಳ್ಳಾರಿ ನೆನಪಿದ್ದವರಿಗೆ ಹೇಳಬೇಕಿಲ್ಲ. ರಾತ್ರಿ ಹಗಲು ಅದಿರಿನ ಲಾರಿ. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕೆಂಪು. ಚೀನಾಕ್ಕೆ ಎಷ್ಟು ಅದಿರು ಬೇಕಾದರೂ ಹೋಗುತ್ತಿದ್ದ ಕಾಲ. ಸೈಟಿನ ರೇಟು ಬೆಳಿಗ್ಗೆ ಒಂದು, ಸಂಜೆ ಒಂದು. ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಬೆಡ್‌ರೂಮಿನ ಆ ಮನೆಗೆ ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಎಲ್ಲಾ ಸೇರಿ 20 ಲಕ್ಷ ಕೊಟ್ಟೆವು. ಟೀಚರ್ ಸಂಬಳಕ್ಕೆ ಅದು ಭಾರೀ ಮೊತ್ತ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು. ನಮ್ಮ ಬೀದಿಯಲ್ಲಿ ಮನೆ ಕೊಳ್ಳುವವರೂ ನಿಂತರು. ಆಮೇಲೆ ಎಷ್ಟೋ ವರ್ಷ ಆ ಮನೆಯ ಬೆಲೆ ಜಗ್ಗಲೇ ಇಲ್ಲ. "ದುಬಾರಿ ಕಾಲದಲ್ಲಿ ಕೊಂಡು ಕೆಟ್ಟೆವು" ಅಂತ ನಮ್ಮತ್ತೆ ಹಬ್ಬ ಹುಣ್ಣಿಮೆಗೊಮ್ಮೆ ಹೇಳುತ್ತಿದ್ದರು.

ಈಗ ಅದೇ ದುಬಾರಿ ಬೆಲೆ ಟ್ಯಾಕ್ಸಿನಲ್ಲಿ ನಮ್ಮ ಕೈ ಹಿಡಿಯಿತು. ಹೇಗೆ ಅಂತ ಹೇಳುತ್ತೇನೆ.

2024ರ ಜುಲೈ 23ರ ತನಕ ದೀರ್ಘಾವಧಿ ಲಾಭಕ್ಕೆ ತೆರಿಗೆ ಶೇ. 20 ಇತ್ತು. ಆದರೆ ಕೊಂಡ ಬೆಲೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಹಿಗ್ಗಿಸಿ ಲೆಕ್ಕ ಹಾಕುತ್ತಿದ್ದರು. ಇಂಡೆಕ್ಸೇಷನ್ ಅನ್ನುವುದು ಅದಕ್ಕೇ. ಆ ದಿನದ ಬಜೆಟ್ಟಿನಲ್ಲಿ ಅದನ್ನು ತೆಗೆದು, ಹಿಗ್ಗಿಸದ ಲಾಭಕ್ಕೆ ಶೇ. 12.5 ಅಂತ ಮಾಡಿದರು. ದೇಶದ ತುಂಬಾ ಗಲಾಟೆಯಾಯಿತು. ಆಮೇಲೆ ಒಂದು ಸಡಿಲಿಕೆ ಕೊಟ್ಟರು. ಆ ತಾರೀಖಿಗಿಂತ ಮುಂಚೆ ಕೊಂಡ ಜಾಗ ಅಥವಾ ಕಟ್ಟಡವಾದರೆ ಎರಡೂ ರೀತಿ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅಷ್ಟು ಕಟ್ಟಿದರೆ ಸಾಕು. ಇದು ಇಲ್ಲಿ ವಾಸ ಇರುವ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ. ನನ್ನ ಮೈದುನನಂಥ ಅನಿವಾಸಿಗಳಿಗೆ ಇಲ್ಲ. ಬಹಳ ಜನ 12.5 ಅನ್ನುವ ಸಣ್ಣ ಸಂಖ್ಯೆ ನೋಡಿ ಅದೇ ಅಗ್ಗ ಅಂದುಕೊಳ್ಳುತ್ತಾರೆ. ಎಂಟನೇ ಕ್ಲಾಸಿನ ಮಕ್ಕಳೂ ಹೀಗೇ ಮಾಡುತ್ತಾರೆ, ಶೇಕಡಾ ಎಷ್ಟು ಅಂತ ನೋಡುತ್ತಾರೆ, ಯಾವುದರ ಶೇಕಡಾ ಅಂತ ನೋಡುವುದಿಲ್ಲ.

ನಮ್ಮ ಲೆಕ್ಕ ನೋಡಿ. ಮಾರಿದ ಬೆಲೆ 72 ಲಕ್ಷ. ಬ್ರೋಕರಿಗೆ ಶೇ. 1ರಂತೆ 72 ಸಾವಿರ. ಅದನ್ನು ಕಳೆಯಬಹುದು. ಉಳಿದಿದ್ದು 71,28,000. ಕೊಂಡಿದ್ದು 20 ಲಕ್ಷ, 2012ರಲ್ಲಿ ಮೇಲೊಂದು ರೂಮು, ಬಾತ್‌ರೂಮು ಕಟ್ಟಿಸಿದ್ದು 4 ಲಕ್ಷ. ಹಿಗ್ಗಿಸದೆ ಕಳೆದರೆ ಲಾಭ 47,28,000. ಅದರ ಶೇ. 12.5 ಅಂದರೆ 5,91,000.

ಈಗ ಹಿಗ್ಗಿಸಿ. ಸರ್ಕಾರದ ಸೂಚ್ಯಂಕ 2001-02ಕ್ಕೆ 100. 2008-09ಕ್ಕೆ 137, 2012-13ಕ್ಕೆ 200, ನಾವು ಮಾರಿದ 2025-26ಕ್ಕೆ 376. ಇಪ್ಪತ್ತು ಲಕ್ಷವನ್ನು 376ರಿಂದ ಗುಣಿಸಿ 137ರಿಂದ ಭಾಗಿಸಿದರೆ 54,89,051. ನಾಲ್ಕು ಲಕ್ಷವನ್ನು 376ರಿಂದ ಗುಣಿಸಿ 200ರಿಂದ ಭಾಗಿಸಿದರೆ 7,52,000. ಎರಡೂ ಸೇರಿ 62,41,051. ಲಾಭ ಉಳಿದಿದ್ದು ಬರೀ 8,86,949. ಅದರ ಶೇ. 20 ಅಂದರೆ 1,77,390. ತೆರಿಗೆಯ ಮೇಲೆ ಹಾಕುವ ಶೇ. 4ರ ಸೆಸ್ ಸೇರಿಸಿದರೆ 1,84,486 ರೂಪಾಯಿ. ಇನ್ನೊಂದು ದಾರಿಯಲ್ಲಿ ಸೆಸ್ ಸೇರಿ 6,14,640 ಆಗುತ್ತಿತ್ತು. ನಾಲ್ಕು ಲಕ್ಷದ ಮೇಲೆ ವ್ಯತ್ಯಾಸ!

ಈ ಸೂಚ್ಯಂಕಕ್ಕೂ ಬಳ್ಳಾರಿಯ ಅದಿರಿಗೂ ಸಂಬಂಧವೇ ಇಲ್ಲ. ಇಡೀ ದೇಶಕ್ಕೆ ಒಂದೇ. ನಗರಗಳ ಗ್ರಾಹಕ ಬೆಲೆ ಎಷ್ಟು ಏರಿತು ಅಂತ ನೋಡಿ, ಅದರ ಮುಕ್ಕಾಲು ಭಾಗ ಹಿಡಿದು ಪ್ರತಿ ವರ್ಷ ನಿಗದಿ ಮಾಡುತ್ತಾರೆ. ಮನೆಯ ಬೆಲೆ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಉಬ್ಬಿದ ಕಾಲದಲ್ಲಿ ಕೊಂಡು, ಆಮೇಲೆ ನಿಧಾನವಾಗಿ ಬೆಲೆ ಏರಿದ ನಮ್ಮಂಥವರಿಗೆ ಹಳೇ ದಾರಿಯೇ ಸರಿ. 2008-09ರಲ್ಲಿ ಕೊಂಡ ಮನೆಯ ಬೆಲೆ ಸುಮಾರು 5.65 ಪಟ್ಟು ದಾಟಿದ್ದರೆ ಮಾತ್ರ 12.5ರ ದಾರಿ ಅಗ್ಗವಾಗುತ್ತದೆ. ನಮ್ಮದು ಮೂರೂವರೆ ಪಟ್ಟಿನ ಆಸುಪಾಸು.

ಇನ್ನೊಂದು ತಮಾಷೆ. ಮನೆಯ ಮಾತು ಮುಗಿದಿದ್ದು 2008ರ ಫೆಬ್ರವರಿಯಲ್ಲಿ. ಸಾಲ ಕೊಡುವ ಬ್ಯಾಂಕಿನವರು ಎಳೆದೂ ಎಳೆದೂ ಮೇ ತನಕ ತಂದರು. ಮಾರ್ಚಿನಲ್ಲೇ ರಿಜಿಸ್ಟ್ರೇಷನ್ ಆಗಿದ್ದರೆ ಅದು 2007-08, ಸೂಚ್ಯಂಕ 129. ಆಗ ಸೆಸ್ ಬಿಟ್ಟೇ ಟ್ಯಾಕ್ಸ್ 68 ಸಾವಿರ ಕಡಿಮೆ ಬರುತ್ತಿತ್ತು. ಆ ಮ್ಯಾನೇಜರ್ ಈಗ ಎಲ್ಲಿದ್ದಾರೋ ಏನೋ.

ಮೇಲಿನ ರೂಮಿನ ಬಗ್ಗೆ ಹೇಳಬೇಕು. ಅದಕ್ಕೆ ನಿಜವಾಗಿ ಆಗಿದ್ದು ಆರು ಲಕ್ಷದ ಹತ್ತಿರ. ಆದರೆ ಕಾಗದ ಇದ್ದಿದ್ದು ನಾಲ್ಕಕ್ಕೆ. ಸಿಮೆಂಟ್, ಕಬ್ಬಿಣದ ಅಂಗಡಿಯ ಬಿಲ್ಲು, ಮೇಸ್ತ್ರಿಗೆ ಚೆಕ್ಕಿನಲ್ಲಿ ಕೊಟ್ಟ ಕಂತು, ಪಾಸ್‌ಬುಕ್. ಉಳಿದದ್ದು ವಾರವಾರ ಶನಿವಾರ ಕೂಲಿಯವರ ಕೈಗೆ ಎಣಿಸಿಕೊಟ್ಟ ನೋಟು. "ಬಿಲ್ ಇಲ್ಲದ್ದನ್ನ ಹಾಕೋದು ಬೇಡಮ್ಮಾ, ನೋಟಿಸ್ ಬಂದರೆ ತೋರಿಸೋಕೆ ಏನಿದೆ?" ಅಂದರು ನಮ್ಮ ಆಡಿಟರ್. ಒಪ್ಪಿದೆ. ಮನೆಗೆ ಬಣ್ಣ ಹೊಡೆಸಿದ್ದು, ನಲ್ಲಿ ಬದಲಾಯಿಸಿದ್ದು ಕೂಡ ಕೇಳಿ ನೋಡಿದೆ. ಅವು ರಿಪೇರಿ, ಅವಕ್ಕೆ ಬಾಡಿಗೆಯಲ್ಲಿ ಕಳೆಯುವ ಶೇ. 30 ಇದೆ. ಮನೆಯ ವೆಚ್ಚಕ್ಕೆ ಸೇರುವುದು ಹೊಸದಾಗಿ ಕಟ್ಟಿದ್ದು, ಹೆಚ್ಚಿಸಿದ್ದು ಮಾತ್ರ. ಸಾಲದ ಬಡ್ಡಿಯನ್ನೂ ವೆಚ್ಚಕ್ಕೆ ಸೇರಿಸಿ ಅಂತ ಸಲಹೆ ಕೊಟ್ಟವರಿದ್ದರು. ವರ್ಷವರ್ಷ ರಿಟರ್ನಿನಲ್ಲಿ ಬಡ್ಡಿ ತೋರಿಸಿ ಕಳೆದುಕೊಂಡಿದ್ದರೆ ಅದನ್ನೇ ಮತ್ತೆ ಸೇರಿಸುವ ಹಾಗಿಲ್ಲ. 2023ರ ಬಜೆಟ್ಟಿನಲ್ಲಿ ಅದನ್ನು ಸ್ಪಷ್ಟ ಮಾಡಿ ಬರೆದರು.

ಇನ್ನು ಕೊಳ್ಳುವವರ ವಿಷಯ. ಕುರುಗೋಡು ಕಡೆಯ ಹುಡುಗ, ಗೊಬ್ಬರದ ಅಂಗಡಿ ಇದೆ. ಮಾತು ಮೆತ್ತಗೆ. ಬೆಲೆ ಒಪ್ಪಿಗೆ ಆದ ಮೇಲೆ ಮೆಲ್ಲಗೆ ಶುರು ಮಾಡಿದ. "ಮೇಡಂ, ನಿಮ್ಮ ಮನೆಯ ಮಾರ್ಗಸೂಚಿ ಬೆಲೆ, ಅದೇ ಸರ್ಕಾರ ಗೊತ್ತು ಮಾಡಿದ ಬೆಲೆ, 58 ಲಕ್ಷ ಆಗುತ್ತೆ. ಪತ್ರದಲ್ಲಿ 58 ಬರೆಸೋಣ. ಉಳಿದ 14 ಲಕ್ಷ ಕ್ಯಾಷ್ ಕೊಡ್ತೀನಿ. ನಿಮಗೂ ಒಳ್ಳೇದು, ನಂಗೂ ಒಳ್ಳೇದು." ಊರಲ್ಲಿ ನಡೆಯುವುದೇ ಹೀಗೆ, ಅವನೇನೂ ಹೊಸದು ಕೇಳಲಿಲ್ಲ. 58 ಅಂತ ಬರೆಸಿದ್ದರೆ ನನ್ನ ಟ್ಯಾಕ್ಸ್ ಸೊನ್ನೆ ಆಗುತ್ತಿತ್ತು, ಅದೂ ನಿಜ. ಹಿಗ್ಗಿಸಿದ ವೆಚ್ಚವೇ 62 ಲಕ್ಷ ದಾಟಿದೆಯಲ್ಲ.

ಆದರೆ ನನಗೆ ಉಳಿಯುವುದು ಎಷ್ಟು? 1,84,486. ಅದಕ್ಕೋಸ್ಕರ 14 ಲಕ್ಷ ನೋಟು ಮನೆಯಲ್ಲಿಟ್ಟುಕೊಂಡು ಕೂರಬೇಕು. ಅದನ್ನು ಬ್ಯಾಂಕಿಗೆ ಹಾಕಿದರೆ ಎಲ್ಲಿಂದ ಬಂತು ಅನ್ನುತ್ತಾರೆ, ಸಾಲಕ್ಕೆ ಕಟ್ಟೋಕೂ ಬರುವುದಿಲ್ಲ. ಆಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ, ತಗೊಂಡಷ್ಟೇ ಮೊತ್ತ ದಂಡ. ಮುಂಗಡಕ್ಕೂ ಇದೇ ನಿಯಮ. ಟೋಕನ್ ಅಡ್ವಾನ್ಸ್ ಅಂತ ಐವತ್ತು ಸಾವಿರ, ಲಕ್ಷ ಕೈಯಲ್ಲಿ ತಗೊಳ್ಳುವವರು ಎಷ್ಟು ಜನ ಇಲ್ಲ ಹೇಳಿ? ಮಾರ್ಗಸೂಚಿ ಬೆಲೆಗಿಂತ ಕಡಿಮೆ ಬರೆಸುವವರಿಗೆ ಬೇರೆಯೇ ಕಷ್ಟ. ಆ ಬೆಲೆ ಪತ್ರದ ಬೆಲೆಗಿಂತ ಶೇ. 10 ಮೀರಿ ಜಾಸ್ತಿ ಇದ್ದರೆ, ಮಾರಿದ್ದು ಆ ಬೆಲೆಗೇ ಅಂತ ತಿಳಿದು ತೆರಿಗೆ ಹಾಕುತ್ತಾರೆ. ಕರ್ನಾಟಕದಲ್ಲಿ 2023ರ ಅಕ್ಟೋಬರಿನಿಂದ ಮಾರ್ಗಸೂಚಿ ಬೆಲೆ ಏರಿಸಿದ ಮೇಲೆ ಇದು ಎಷ್ಟೋ ಜನರಿಗೆ ಬಿಸಿ ಮುಟ್ಟಿಸಿದೆ.

ಹುಡುಗನಿಗೆ ಇದೆಲ್ಲ ಹೇಳಿದರೆ ತಲೆಗೆ ಹೋಗಲಿಲ್ಲ. ಅವನಿಗೆ ಕಾಣುತ್ತಿದ್ದಿದ್ದು ಸ್ಟಾಂಪ್ ಡ್ಯೂಟಿ. 2025ರ ಆಗಸ್ಟ್ ಕೊನೆಯಲ್ಲಿ ರಿಜಿಸ್ಟ್ರೇಷನ್ ಫೀಯನ್ನೂ ಶೇ. 1ರಿಂದ 2ಕ್ಕೆ ಏರಿಸಿದ್ದರು. 14 ಲಕ್ಷ ಮುಚ್ಚಿಟ್ಟರೆ ಎಲ್ಲಾ ಸೇರಿ ಒಂದು ಲಕ್ಷದ ಹತ್ತಿರ ಅವನಿಗೆ ಉಳಿಯುತ್ತಿತ್ತು. ಆಗ ಒಂದು ಹಾಳೆ ತೆಗೆದು ಅವನ ಲೆಕ್ಕ ಬರೆದೆ. "ನೋಡಪ್ಪಾ, ನೀನು ಮುಂದೊಂದು ದಿನ ಈ ಮನೆ ಮಾರ್ತೀಯ. ಆಗ ನೀನು ಕೊಂಡ ಬೆಲೆ 72 ಅಲ್ಲ, ಪತ್ರದಲ್ಲಿರುವ 58. ನೀನು 2024ರ ಜುಲೈ ಆದ ಮೇಲೆ ಕೊಳ್ತಿದ್ದೀಯ, ಹಿಗ್ಗಿಸೋ ದಾರಿ ನಿನಗೆ ಇಲ್ಲವೇ ಇಲ್ಲ. ಈಗ ಮುಚ್ಚಿಟ್ಟ 14 ಲಕ್ಷ ಆಗ ಲಾಭ ಅಂತ ಎದ್ದು ಬರುತ್ತೆ. ಅದರ ಶೇ. 12.5 ಅಂದರೆ 1,75,000. ಇವತ್ತು ಲಕ್ಷ ಉಳಿಸಿ ನಾಳೆ ಒಂದೂಮುಕ್ಕಾಲು ಕಟ್ತೀಯಾ?" ಹಾಳೆಯನ್ನು ಅವನು ಮಡಚಿ ಜೇಬಿಗೆ ಹಾಕಿಕೊಂಡ. ಮರುದಿನ ಫೋನ್ ಮಾಡಿ 72ಕ್ಕೇ ಬರೆಸೋಣ ಅಂದ. ಅವರಪ್ಪನಿಗೆ ತೋರಿಸಿದನಂತೆ.

ನಮಗೆ ಇಂಡೆಕ್ಸೇಷನ್ ಒಳ್ಳೆಯದಾಯಿತು ಅಂತ ಎಲ್ಲರಿಗೂ ಹಾಗೇ ಆಗುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಸಿರುಗುಪ್ಪದಲ್ಲಿ ಅಪ್ಪನಿಂದ ಬಂದ ಮನೆ ಇದೆ. ಅದೂ ಬಾಡಿಗೆಗೇ ಇದೆ. ಅಪ್ಪ ಅದನ್ನು ಕೊಂಡಿದ್ದು ಎಂಬತ್ತರ ದಶಕದಲ್ಲಿ. ಹೀಗೆ ಬಂದ ಆಸ್ತಿಗೆ ಅಪ್ಪ ಕೊಟ್ಟ ಬೆಲೆಯೇ ನಮ್ಮ ಬೆಲೆ. ಆದರೆ 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡಿದ್ದಾದರೆ, ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಅದು ಆ ದಿನ ಸ್ಟಾಂಪ್ ಡ್ಯೂಟಿಗೆ ಹಿಡಿಯುತ್ತಿದ್ದ ಸರ್ಕಾರಿ ಬೆಲೆಯನ್ನು ಮೀರುವಂತಿಲ್ಲ. ಅವರದಕ್ಕೆ ಅದು 3 ಲಕ್ಷ ಆಗುತ್ತದೆ, ಈಗ 40 ಲಕ್ಷಕ್ಕೆ ಕೇಳುತ್ತಿದ್ದಾರೆ. ಹಿಗ್ಗಿಸಿದರೆ 3 ಲಕ್ಷ 11.28 ಲಕ್ಷ ಆಗುತ್ತದೆ, ಉಳಿದ 28.72 ಲಕ್ಷಕ್ಕೆ ಶೇ. 20ರಂತೆ 5,74,400. ಹಿಗ್ಗಿಸದೆ 37 ಲಕ್ಷಕ್ಕೆ ಶೇ. 12.5ರಂತೆ 4,62,500. ಅವರಿಗೆ ಹೊಸ ದಾರಿಯೇ ಅಗ್ಗ. ಅವರು ಬಳ್ಳಾರಿಯಲ್ಲಿ ಸೈಟ್ ತಗೊಂಡು ಮನೆ ಕಟ್ಟಿಸಬೇಕು ಅಂತಿದ್ದಾರೆ. ಹಾಗೆ ಮಾಡಿದರೆ ಸೆಕ್ಷನ್ 54 ಪೂರ್ತಿ ಸಿಗಬಹುದು, ಸೈಟಿಗೆ ಕೊಟ್ಟ ದುಡ್ಡೂ ಸೇರುತ್ತದೆ. ರಿಟರ್ನ್ ಹಾಕುವ ಕೊನೇ ದಿನದೊಳಗೆ ಖರ್ಚಾಗದೆ ಉಳಿದ ಲಾಭವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಬೇಕು. ಮಾಮೂಲಿ ಉಳಿತಾಯ ಖಾತೆ, ಎಫ್‌ಡಿ ನಡೆಯುವುದಿಲ್ಲ. ಹಳ್ಳಿ ಶಾಖೆಗಳಲ್ಲಿ ಆ ಖಾತೆ ತೆರೆಯುವುದೂ ಇಲ್ಲ. ಕಟ್ಟಿದ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಕೊಟ್ಟ ವಿನಾಯಿತಿ ವಾಪಸ್. ಇದನ್ನು ಅವರಿಗೆ ಹೇಳಿದಾಗ, "ಕಟ್ಟೋಕೆ ಮುಂಚೆನೇ ಮಾರೋ ಮಾತು ಯಾಕೆ ಆಡ್ತೀರಿ ಅಕ್ಕಾ" ಅಂತ ಬೇಜಾರು ಮಾಡಿಕೊಂಡರು.

ನಮ್ಮ ರಿಜಿಸ್ಟ್ರೇಷನ್ ದಿನ ಹೆಚ್ಚೇನೂ ನಡೆಯಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮೊದಲೇ ಎಲ್ಲಾ ತುಂಬಿದ್ದರು. ಹೋದೆವು, ಫೋಟೋ ತೆಗೆದರು, ಹೆಬ್ಬೆಟ್ಟು ಇಟ್ಟೆವು, ಬಂದೆವು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದ್ದರಿಂದ ಹುಡುಗ ಶೇ. 1 ಟಿಡಿಎಸ್, ಅಂದರೆ ಸರ್ಕಾರಕ್ಕೆ ಕಟ್ಟಲು ಮೊದಲೇ ಮುರಿಯುವ ತೆರಿಗೆ, ಹಿಡಿದುಕೊಂಡು 71,28,000 ಖಾತೆಗೆ ಹಾಕಿದ. ಬ್ರೋಕರಿಗೂ 72 ಸಾವಿರ, ಸರ್ಕಾರಕ್ಕೂ 72 ಸಾವಿರ, ನಮ್ಮವರಿಗೆ ಅದೇ ದೊಡ್ಡ ನಗು. ಆ ಟಿಡಿಎಸ್ಸನ್ನು ಕೊಂಡವರು 26ಕ್ಯೂಬಿ ಫಾರಂನಲ್ಲಿ ಕಟ್ಟಬೇಕಿತ್ತು, ಹಿಡಿದ ತಿಂಗಳು ಮುಗಿದ ಮೇಲೆ 30 ದಿನದೊಳಗೆ. ಕಟ್ಟುವುದು ಅವರ ಕೆಲಸವಾದರೂ ಬೆನ್ನು ಹತ್ತುವುದು ನಮ್ಮ ಕೆಲಸ. ಅವರು ಕಟ್ಟದಿದ್ದರೆ ನಮ್ಮ 26ಎಎಸ್‌ನಲ್ಲಿ, ಅಂದರೆ ನಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಆ ದುಡ್ಡು ಕಾಣುತ್ತಲೇ ಇರಲಿಲ್ಲ. ನಮ್ಮದು ಕಾಣಿಸಿತು. 72 ಸಾವಿರ ಕಳೆದು ಉಳಿದ 1,12,486 ರೂಪಾಯಿಯನ್ನು ಡಿಸೆಂಬರ್ 15ರೊಳಗೆ ಮುಂಗಡ ತೆರಿಗೆ ಅಂತ ಕಟ್ಟಿಬಿಟ್ಟೆ. ಜುಲೈ ತನಕ ಸುಮ್ನೆ ಕೂತರೆ ಅದಕ್ಕೆ ಬಡ್ಡಿ ಬೆಳೆಯುತ್ತದೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರುಗಳೆಲ್ಲ ಬದಲು. ನಾವು ಮಾರಿದ್ದು ಅದಕ್ಕೆ ಮುಂಚೆ, ಹಾಗಾಗಿ ನಮ್ಮದು 1961ರ ಕಾಯ್ದೆಯ ಪ್ರಕಾರವೇ. ಮನೆ ಮಾರಿದ ಲಾಭ ಇರುವುದರಿಂದ ರಿಟರ್ನಿಗೆ ಸರಳವಾದ ಐಟಿಆರ್-1 ಫಾರಂ ನಡೆಯುವುದಿಲ್ಲ, ಐಟಿಆರ್-2 ಹಾಕಬೇಕು. ಅದರಲ್ಲಿ ಕೊಂಡವರ ಹೆಸರು, ಪ್ಯಾನ್, ಆಸ್ತಿಯ ವಿಳಾಸ, ಪಿನ್‌ಕೋಡ್ ಎಲ್ಲಾ ಕೇಳುತ್ತಾರೆ. ಹುಡುಗನ ಪ್ಯಾನ್ ಕ್ರಯಪತ್ರದಲ್ಲೇ ಇದೆ. ಮನೆ ಅವನ ಮತ್ತು ಅವನ ಹೆಂಡತಿಯ ಜಂಟಿ ಹೆಸರಿನಲ್ಲಿರುವುದರಿಂದ ಇಬ್ಬರ ಪಾಲು ಎಷ್ಟೆಷ್ಟು ಅಂತಲೂ ತುಂಬಬೇಕಂತೆ. ಅದೊಂದನ್ನು ಕೇಳೋಕೆ ಅವನಿಗೆ ಮೆಸೇಜ್ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ಭತ್ತದ ಸೀಸನ್, ಗೊಬ್ಬರದ ಅಂಗಡಿಯಲ್ಲಿ ರಷ್ ಇರಬೇಕು.